ನಿಘಂಟು ಆ್ಯಪ್: 'ಅಕ್ವೈರ್' ಪರೀಕ್ಷೆಯಲ್ಲಿ ಪಾಸು

ನಾನು ದಿನವಿಡೀ ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡುವವಳು. ಯಾವ ನಿಘಂಟು ಆ್ಯಪ್ ಸಿಕ್ಕರೂ ಮೊದಲು ಹುಡುಕುವುದು 'ಅಕ್ವೈರ್' ಪದವನ್ನೇ. ಸುಮ್ನೆ 'ಪಡೆ' ಅಂತ ಬರೆದು ಕೈತೊಳೆದುಕೊಂಡಿದ್ದರೆ ಅದು ನನಗೆ ಬೇಡ. ಈ ಆ್ಯಪ್ ಹಾಗೆ ಮಾಡಿಲ್ಲ. ಕಂಪನಿ ಕೊಂಡರೂ ಅಕ್ವೈರ್, ಭಾಷೆ ಕಲಿತರೂ ಅಕ್ವೈರ್, ಚಟ ಅಂಟಿದರೂ ಅಕ್ವೈರ್ ಅಂತ ಒಂದೊಂದಕ್ಕೂ ವಾಕ್ಯ ಕೊಟ್ಟಿದೆ. 'ಅಕ್ವೈರ್ಡ್ ಟೇಸ್ಟ್' ಅಂದರೆ ಮೊದಲು ಹಿಡಿಸದೆ, ಬರಬರುತ್ತಾ ಹಿಡಿಸುವಂಥದ್ದು ಅಂತಲೂ ಬಿಡಿಸಿ ಹೇಳಿದೆ. ಅನುಮತಿಗೆ 'ಅಬ್ಟೇನ್' ಹೊಂದುತ್ತದೆ, ಮಾತಿನಲ್ಲಿ 'ಗೆಟ್' ಸಾಕು ಎಂಬ ಟಿಪ್ಪಣಿ ಜಾಸ್ತಿ ಇಷ್ಟವಾಯಿತು. ಹಾಲು ತರುವುದಕ್ಕೆ 'ಅಕ್ವೈರ್' ಅಂದರೆ ನಗು ಬರುತ್ತದೆ, ಅಲ್ವಾ! ಉಚ್ಚಾರಣೆ ಕೇಳಿಸುವ ಗುಂಡಿ ಮಾತ್ರ ಇಂಟರ್‌ನೆಟ್ ಇಲ್ಲದಿದ್ದರೆ ಮೌನವ್ರತ. ಜಾಹೀರಾತಿನ ಕಾಟವೂ ಇದೆ. ದುಡ್ಡು ಕೊಟ್ಟರೆ ತೊಲಗುತ್ತದೆ, ನಾನು ಕೊಟ್ಟೆ.