ಆಫೀಸಿನ ಸಿಗರೇಟ್ ಹೊಗೆ: ಬಾಯಿಮಾತು ನಂಬಿ ಕೂರಬೇಡಿ

ಪಕ್ಕದವರ ಸಿಗರೇಟ್ ಹೊಗೆಯನ್ನು ಸಹಿಸಿಕೊಂಡು ಕೆಲಸ ಮಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ನನ್ನ ತಂಗಿ ಕಲಬುರಗಿಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ತೊಗರಿ ವ್ಯಾಪಾರ. ಅಂಗಡಿಯ ಹೆಸರು ಬೇಡ.

ನಮ್ಮೂರ ಬಿಸಿಲು ಗೊತ್ತಲ್ಲ. ಏಸಿ ಹಾಕಿ ಬಾಗಿಲು, ಕಿಟಕಿ ಎಲ್ಲ ಬಂದ್. ಒಳಗೆ ಸಾವಕಾರರು, ಅವರ ದೋಸ್ತರು, ರೇಟು ಕೇಳಲು ಬಂದ ದಲಾಲರು. ಒಬ್ಬರು ಆರಿಸುವಷ್ಟರಲ್ಲಿ ಇನ್ನೊಬ್ಬರು ಹಚ್ಚುತ್ತಿದ್ದರು. ತಂಗಿಯ ಕೀಬೋರ್ಡ್ ಪಕ್ಕದಲ್ಲೇ ಒಂದು ಸ್ಟೀಲ್ ಬಟ್ಟಲು, ಅದರ ತುಂಬ ಸೇದಿ ಬಿಟ್ಟ ತುಂಡುಗಳು. ಸಂಜೆ ಮನೆಗೆ ಬಂದರೆ ಅವಳ ದುಪಟ್ಟಾ, ಕೂದಲು ಎಲ್ಲ ಅದೇ ನಾತ. ‘ಏಸಿ ಹೊಗಿ ಜಗ್ಗತದ’ ಅಂತ ಅವರ ವಾದ. ಗೋಡೆಯ ಏಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಬಿಡುತ್ತದೆ, ಹೊಗೆಯನ್ನು ಹೊರಗೇನೂ ಹಾಕುವುದಿಲ್ಲ.

ಅವಳಿಗೆ ಚಿಕ್ಕಂದಿನಲ್ಲಿ ಸ್ವಲ್ಪ ದಮ್ಮು, ಅಂದರೆ ಅಸ್ತಮಾ, ಇತ್ತು, ಆಮೇಲೆ ಹೋಗಿತ್ತು. ಈಗ ಮತ್ತೆ ಶುರುವಾಯಿತು. ಸಾವಕಾರರಿಗೆ ಹೇಳಿದಳು. ‘ಆತವ್ವ, ನಾಳಿಂದ ಹೊರಗ ಸೇದತೀವಿ’ ಅಂದರು. ಆ ನಾಳೆ ಬರಲೇ ಇಲ್ಲ. ಒಂದು ರಾತ್ರಿ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದೆವು. ರಜೆ ಹಾಕಿದ ದಿನಗಳ ಸಂಬಳವೂ ಕಟ್. ಆಸ್ಪತ್ರೆ ಖರ್ಚು ಕೇಳಲು ಹೋದರೆ ಅದೇ ಮನುಷ್ಯ, ‘ತೊಗರಿ ಧೂಳಿಗೆ ಆಗಿರಬೇಕು. ನೀ ಯಾವಾಗ ಹೇಳಿದ್ದಿ?’ ಅನ್ನಬೇಕೇ!

ವಕೀಲರ ಹತ್ತಿರ ಹೋದಾಗ ಪೂರ್ತಿ ವಿಷಯ ತಿಳಿಯಿತು. 2003ರ ಕೋಟ್ಪಾ, ಅಂದರೆ ತಂಬಾಕು ನಿಯಂತ್ರಣ ಕಾಯ್ದೆ, 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳು, ಎರಡೂ ನಮ್ಮ ಪರವೇ. ಕೆಲಸದ ಜಾಗವೂ ಸಾರ್ವಜನಿಕ ಸ್ಥಳ. ಬಾಗಿಲಲ್ಲಿ ನಿಷೇಧದ ಬೋರ್ಡ್ ಹಾಕುವುದು, ಬೂದಿ ಬಟ್ಟಲು ಇಡದಿರುವುದು, ಸೇದುವವರನ್ನು ತಡೆಯುವುದು ಮಾಲೀಕರದೇ ಹೊಣೆ. ಸುಪ್ರೀಂ ಕೋರ್ಟ್ 2001ರಲ್ಲೇ ಸೇದದವರ ಬದುಕುವ ಹಕ್ಕಿನ ಮಾತು ಎತ್ತಿ, ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ನಿಷೇಧಿಸಲು ಹೇಳಿತ್ತು. ಕರ್ನಾಟಕದಲ್ಲಿ 2025ರಿಂದ ದಂಡ 200ರ ಬದಲು 1,000 ರೂಪಾಯಿ.

ಆದರೆ ಆ ದಂಡ ಹೋಗುವುದು ಸರ್ಕಾರಕ್ಕೆ. ನಮ್ಮ ಆಸ್ಪತ್ರೆ ಬಿಲ್ಲು ನಮ್ಮ ಕೈಯಲ್ಲೇ ಉಳಿಯುತ್ತದೆ. ಪರಿಹಾರ ಬೇಕಾದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಮಾಲೀಕರಿಗೆ ಗೊತ್ತಿತ್ತು, ತಡೆಯಬಹುದಿತ್ತು, ತಡೆಯಲಿಲ್ಲ, ಅದರಿಂದಲೇ ಕಾಯಿಲೆ ಬಂತು ಅಥವಾ ಜಾಸ್ತಿಯಾಯಿತು ಅಂತ ನಾವೇ ತೋರಿಸಬೇಕು. ಕೊನೆಯದೇ ಕಷ್ಟ. ಹಳೇ ದಮ್ಮು, ಗಂಜ್ ಮಾರುಕಟ್ಟೆಯ ಧೂಳು, ರಸ್ತೆಯ ಹೊಗೆ ಅಂತ ಎದುರು ವಕೀಲರಿಗೆ ನೆಪಕ್ಕೇನು ಕಡಿಮೆ? ನಮ್ಮ ಡಾಕ್ಟರ್ ಚೀಟಿಯಲ್ಲಿ ಬರೆದಿದ್ದು ‘ಅಸ್ತಮಾ’ ಅಂತ ಮಾತ್ರ. ಕೆಲಸದ ಜಾಗದ ಹೊಗೆಯ ಬಗ್ಗೆ ಒಂದಕ್ಷರ ಇಲ್ಲ.

ಹಾಗಾಗಿ ಹೇಳುತ್ತಿದ್ದೇನೆ, ಮೊದಲ ಕೆಮ್ಮಿಗೇ ವಾಟ್ಸಾಪಿನಲ್ಲಾದರೂ ಬರೆದು ಕಳಿಸಿ. ‘ನನಗೆ ದಮ್ಮಿದೆ, ಹೊಗೆಯಿಂದ ತೊಂದರೆ ಆಗುತ್ತಿದೆ’ ಅಷ್ಟು ಸಾಕು. ಮರ್ಯಾದೆಯಾಗಿಯೇ ಬರೆಯಿರಿ, ಆದರೆ ಆ ಮೆಸೇಜ್ ಅಳಿಸಬೇಡಿ. ಬೂದಿ ಬಟ್ಟಲಿನ ಫೋಟೋ ಇಟ್ಟುಕೊಳ್ಳಿ. ಡಾಕ್ಟರಿಗೆ ಎಲ್ಲಿ, ಎಷ್ಟು ಹೊತ್ತು ಹೊಗೆಯಲ್ಲಿ ಇರುತ್ತೀರಿ ಅಂತ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ, ಮಾಡಿಸಿದ್ದರೆ ರಿಪೋರ್ಟ್ ಜೋಪಾನ.

ದೂರನ್ನು ಪೊಲೀಸರಿಗೆ ಕೊಡಬಹುದು, ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೂ ಕೊಡಬಹುದು. ಕೆಲಸ ಹೋದೀತು ಅನ್ನುವ ಭಯವಿದ್ದರೆ ನೀವೇ ಕೊಡಬೇಕೆಂದೇನಿಲ್ಲ. ಅಲ್ಲಿಗೆ ಬಂದು ಹೋಗುವ ಗಿರಾಕಿಯೂ ಕೊಡಬಹುದು.