ಯುವಿ ವಿಮರ್ಶೆ: ಹರಡಿಕೊಂಡ ರಿಕ್ವೈರ್‌ಮೆಂಟ್ಸ್ ಫೈಲುಗಳನ್ನು ಒಂದೇ ಕಡೆ ತರುವಾಗ

ಪೈಥಾನ್ ಪ್ರಾಜೆಕ್ಟ್‌ಗೆ ಎರಡು ಮೂರು ವರ್ಷ ತುಂಬಿದರೆ ಸಾಕು, ಬೇಕಾದ ಪ್ಯಾಕೇಜುಗಳನ್ನು ಪಟ್ಟಿ ಮಾಡುವ ರಿಕ್ವೈರ್‌ಮೆಂಟ್ಸ್ ಫೈಲುಗಳ ಒಂದು ಸಂಸಾರವೇ ಬೆಳೆದಿರುತ್ತದೆ: ಬೇಸ್, ಡೆವ್, ಟೆಸ್ಟ್, ಡಾಕ್ಸ್, ಪ್ರಾಡ್, ಜೊತೆಗೆ ಅಳಿಸಲು ಯಾರಿಗೂ ಧೈರ್ಯ ಬರದ ಒಂದು ‘ಓಲ್ಡ್’. ಇವನ್ನೆಲ್ಲ ಪ್ರಾಜೆಕ್ಟಿನ ವಿವರ ಇರುವ ಒಂದೇ ಪೈಪ್ರಾಜೆಕ್ಟ್ ಫೈಲಿಗೆ ಇಳಿಸಿ, ಎಲ್ಲ ಪ್ಯಾಕೇಜುಗಳ ನಿಖರ ವರ್ಷನ್ ಬರೆದಿಡುವ ಒಂದೇ ಲಾಕ್ ಫೈಲ್ ಮಾಡಿಕೊಳ್ಳುವ ಕೆಲಸಕ್ಕೆ ಯುವಿ ಎಂಬ ಪ್ಯಾಕೇಜ್ ನಿರ್ವಹಣೆಯ ಟೂಲ್ ಎಷ್ಟು ಒದಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ವೇಗದ ಬಗ್ಗೆ ಎಲ್ಲರೂ ಬರೆದಿದ್ದಾರೆ; ಅದು ನಿಜವೂ ಹೌದು, ಅಲ್ಲಿಗೆ ಬಿಡೋಣ.

ಆಸ್ಟ್ರಲ್ ಕಂಪನಿ 2024ರ ಫೆಬ್ರವರಿಯಲ್ಲಿ ಹೊರತಂದಾಗ ಯುವಿ, ಪೈಥಾನ್ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಮತ್ತು ಅವುಗಳ ವರ್ಷನ್ ಬಿಗಿಯುವ ಪಿಪ್-ಟೂಲ್ಸ್‌ಗೆ ಚುರುಕಾದ ಬದಲಿಯಷ್ಟೇ ಆಗಿತ್ತು. ಆಗಸ್ಟಿನ 0.3 ಆವೃತ್ತಿಯಲ್ಲಿ ಪ್ರಾಜೆಕ್ಟ್ ನಿರ್ವಹಣೆ ಮತ್ತು ಲಾಕ್ ಫೈಲ್ ಬಂದವು. ಅದೇ ಅಕ್ಟೋಬರಿನಲ್ಲಿ ಪೈಥಾನಿನ ಸುಧಾರಣಾ ಪ್ರಸ್ತಾವ ಪೆಪ್ 735ಕ್ಕೆ ಒಪ್ಪಿಗೆ ಸಿಕ್ಕಿ, ಡಿಪೆಂಡೆನ್ಸಿ ಗ್ರೂಪ್ ಎಂಬ ಏರ್ಪಾಡು ಒಂದು ಟೂಲಿನ ಸ್ವಂತ ಆಟವಾಗಿ ಉಳಿಯದೆ ಪೈಥಾನಿನ ನಿಯಮವೇ ಆಯಿತು. ಫೈಲುಗಳನ್ನು ಒಗ್ಗೂಡಿಸಲು ನಿಜವಾಗಿ ಅನುಕೂಲವಾದದ್ದು ಇದೇ: ಡೆವ್‌ಗೆ ಒಂದು ಗ್ರೂಪ್, ಡಾಕ್ಸ್‌ಗೆ ಒಂದು ಗ್ರೂಪ್, ಎಲ್ಲವೂ ಒಂದೇ ಫೈಲಿನೊಳಗೆ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ವರ್ಷನ್‌ಗಳ ಹೊಂದಾಣಿಕೆಯ ಲೆಕ್ಕ ಹಾಕುವುದರಲ್ಲಿ, ಹೊಂದದಿದ್ದರೆ ಏಕೆ ಹೊಂದಲಿಲ್ಲ ಎಂದು ಹೇಳುವುದರಲ್ಲಿ ಯುವಿ ಗಟ್ಟಿ. ಆದರೆ ಹಳೆಯ ಫೈಲುಗಳನ್ನು ಒಳಗೆ ತೆಗೆದುಕೊಳ್ಳುವ ಹಂತದಲ್ಲಿ ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೇ ನುಂಗುತ್ತದೆ. ಸೋಸುವ ಕೆಲಸ ನಿಮ್ಮದು.

ಸೋಸುವುದು ಎಂದರೆ ಏನು? ನಿಮ್ಮ ಫೈಲುಗಳಲ್ಲಿ ಎರಡು ಜಾತಿ ಇರುತ್ತವೆ. ‘ಇನ್’ ಫೈಲುಗಳಲ್ಲಿ ಇರುವುದು ನಿಮಗೆ ಏನು ಬೇಕು ಎಂಬುದು. ‘ಟಿಎಕ್ಸ್‌ಟಿ’ ಫೈಲುಗಳಲ್ಲಿ, ಅದರಲ್ಲೂ ಪಿಪ್ ಫ್ರೀಜ್‌ನಿಂದ ಬಂದವುಗಳಲ್ಲಿ, ಇರುವುದು ಒಂದು ದಿನ ಏನೇನು ಇನ್‌ಸ್ಟಾಲ್ ಆಗಿತ್ತು ಎಂಬುದು. ಎರಡನೆಯದನ್ನು ಹಾಗೇ ಒಳಗೆ ತಂದರೆ ಹತ್ತು ನೇರ ಪ್ಯಾಕೇಜುಗಳ ಜಾಗದಲ್ಲಿ ನೂರಕ್ಕೂ ಹೆಚ್ಚು ಸಾಲು ಬಂದು ಕೂರುತ್ತವೆ, ಪ್ರತಿಯೊಂದಕ್ಕೂ ಡಬಲ್ ಈಕ್ವಲ್ ಬಿಗಿದು. ಆಮೇಲೆ ಫ್ಲಾಸ್ಕ್ ಒಂದನ್ನು ಮೇಲೇರಿಸಲು ಹೋದರೂ ಅದು ಎಳೆದು ತಂದಿದ್ದ ವರ್ಕ್‌ಜೂಗ್ ಅಡ್ಡ ನಿಲ್ಲುತ್ತದೆ. ಇನ್ ಫೈಲ್ ಇಲ್ಲವೇ ಇಲ್ಲ ಎನ್ನುವವರು ಹಳೆಯ ಎನ್ವಿರಾನ್‌ಮೆಂಟಿನಲ್ಲಿ ‘ಪಿಪ್ ಲಿಸ್ಟ್ --ನಾಟ್-ರಿಕ್ವೈರ್ಡ್’ ಓಡಿಸಿ. ಬೇರೆ ಯಾವ ಪ್ಯಾಕೇಜೂ ಎಳೆದು ತರದ ಹೆಸರುಗಳು ಮಾತ್ರ ಬರುತ್ತವೆ. ಕೋಡಿನಲ್ಲಿ ನೇರವಾಗಿ ಇಂಪೋರ್ಟ್ ಆಗಿದ್ದು ಈ ಪಟ್ಟಿಯಿಂದ ಬಿಟ್ಟುಹೋದವನ್ನು ಕೈಯಾರೆ ಸೇರಿಸಬೇಕು.

ಫೈಲುಗಳನ್ನು ಕ್ಯಾಟ್ ಮಾಡಿ ಒಂದಕ್ಕೊಂದು ಅಂಟಿಸುವ ಅಡ್ಡದಾರಿ ಬೇಡ. ಮೊದಲ ಫೈಲಿನ ಕೊನೆಯಲ್ಲಿ ನ್ಯೂಲೈನ್ ಇಲ್ಲದಿದ್ದರೆ ‘ರಿಕ್ವೆಸ್ಟ್ಸ್==2.31.0’ ಮತ್ತು ಮುಂದಿನ ಫೈಲಿನ ‘ಪೈಟೆಸ್ಟ್’ ಒಂದೇ ಸಾಲಾಗಿ ಬೆಸೆದುಕೊಳ್ಳುತ್ತವೆ. ಹೆಸರಿನ ಗೊಂದಲವೂ ಇದೆ: ದೊಡ್ಡಕ್ಷರ ಸಣ್ಣಕ್ಷರ, ಹೈಫನ್, ಅಂಡರ್‌ಸ್ಕೋರ್, ಚುಕ್ಕೆ ಇವುಗಳ ವ್ಯತ್ಯಾಸವನ್ನು ಪೈಥಾನ್ ಪ್ಯಾಕೇಜ್ ಜಗತ್ತು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಸಾರ್ಟ್ ಮತ್ತು ಯೂನಿಕ್ ಕಮಾಂಡುಗಳು ತೆಗೆದುಕೊಳ್ಳುತ್ತವೆ. ಅವುಗಳ ಪಾಲಿಗೆ ಒಂದೇ ಪ್ಯಾಕೇಜು ಎರಡು ಬೇರೆ ಪ್ಯಾಕೇಜಾಗಿಯೇ ಉಳಿಯುತ್ತದೆ. ವಿಂಡೋಸ್‌ನ ಹಳೆಯ ಪವರ್‌ಶೆಲ್ 5.1ರಲ್ಲಿ ಫ್ರೀಜ್ ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದ್ದರೆ ಅದು ಯುಟಿಎಫ್-16ರಲ್ಲಿ ಇರುತ್ತದೆ. ಮೊದಲು ಯುಟಿಎಫ್-8ಕ್ಕೆ ಸೇವ್ ಮಾಡಿಕೊಳ್ಳಿ.

ಇಷ್ಟಾದ ಮೇಲೆ ಕಮಾಂಡುಗಳು ನಾಲ್ಕೇ:

ಯುವಿ ಇನಿಟ್ --ಬೇರ್
ಯುವಿ ಆಡ್ -ಆರ್ ಬೇಸ್.ಇನ್ -ಸಿ ಬೇಸ್.ಟಿಎಕ್ಸ್‌ಟಿ
ಯುವಿ ಆಡ್ --ಡೆವ್ -ಆರ್ ಡೆವ್.ಇನ್ -ಸಿ ಡೆವ್.ಟಿಎಕ್ಸ್‌ಟಿ
ಯುವಿ ಆಡ್ --ಗ್ರೂಪ್ ಡಾಕ್ಸ್ -ಆರ್ ಡಾಕ್ಸ್.ಇನ್ -ಸಿ ಡಾಕ್ಸ್.ಟಿಎಕ್ಸ್‌ಟಿ

ಇಲ್ಲಿ -ಸಿ ಮುಖ್ಯ. ಪ್ಯಾಕೇಜುಗಳ ಪಟ್ಟಿ ಇನ್ ಫೈಲಿನಿಂದ ಬರುತ್ತದೆ, ವರ್ಷನ್ ಮಾತ್ರ ಹಳೆಯ ಟಿಎಕ್ಸ್‌ಟಿ ಹೇಳಿದಂತೆ ನಿಲ್ಲುತ್ತದೆ. ಅದನ್ನು ಬಿಟ್ಟರೆ ಒಗ್ಗೂಡಿಸುವಿಕೆಯೂ ಅಪ್‌ಗ್ರೇಡೂ ಒಂದೇ ಕಮಿಟ್‌ನಲ್ಲಿ ಬೆರೆತು, ಏನಾದರೂ ಮುರಿದಾಗ ಯಾವುದರಿಂದ ಮುರಿಯಿತು ಎಂದು ಹುಡುಕುವುದೇ ಕಷ್ಟವಾಗುತ್ತದೆ. ಒಂದು ಎಚ್ಚರಿಕೆ: ಹೆಚ್ಚಿನ ಡೆವ್ ಫೈಲುಗಳ ಮೊದಲ ಸಾಲು ‘-ಆರ್ ಬೇಸ್.ಇನ್’ ಎಂದಿರುತ್ತದೆ. ಅದನ್ನು ತೆಗೆಯದೆ ಕೊಟ್ಟರೆ ಬೇಸ್‌ನ ಪ್ಯಾಕೇಜುಗಳೆಲ್ಲ ಡೆವ್ ಗ್ರೂಪಿನಲ್ಲಿ ಇನ್ನೊಮ್ಮೆ ಬಂದು ಸೇರುತ್ತವೆ. ಗ್ರೂಪುಗಳು ಒಂದನ್ನೊಂದು ಸೇರಿಸಿಕೊಳ್ಳಬೇಕೆಂದರೆ ಅದಕ್ಕೆ ‘ಇನ್‌ಕ್ಲೂಡ್-ಗ್ರೂಪ್’ ಇದೆ. ಅದನ್ನು ಆಮೇಲೆ ಕೈಯಲ್ಲಿ ಬರೆಯಿರಿ.

ಬೇಸ್ ಮತ್ತು ಡೆವ್‌ನ ಟಿಎಕ್ಸ್‌ಟಿಗಳು ಒಂದೇ ಪ್ಯಾಕೇಜಿಗೆ ಬೇರೆ ಬೇರೆ ವರ್ಷನ್ ಹೇಳುತ್ತಿದ್ದರೆ, ಕೊನೆಗೆ ಸೇರಿಸಿದ ಫೈಲಿನ ಮಾತಿಗೆ ಲಾಕ್ ಫೈಲ್ ವಾಲುತ್ತದೆ. ಹಾಗಾಗಿ ಎಲ್ಲ ಮುಗಿದ ಮೇಲೆ ‘ಯುವಿ ಎಕ್ಸ್‌ಪೋರ್ಟ್ --ನೋ-ಡೆವ್ --ನೋ-ಹ್ಯಾಶಸ್’ ಮಾಡಿ, ಬಂದದ್ದನ್ನು ಹಳೆಯ ಪ್ರೊಡಕ್ಷನ್ ಫೈಲಿನ ಜೊತೆ ಡಿಫ್ ಹಾಕಿ ನೋಡಿ. ಡಿಫ್‌ನಲ್ಲಿ ವರ್ಷನ್ ಬದಲಾದ ಪ್ರತಿ ಸಾಲಿಗೂ ಕಾರಣ ಸಿಗುವ ತನಕ ಮರ್ಜ್ ಮಾಡಬೇಡಿ.

ಈಗ ನಿಜವಾದ ಪರೀಕ್ಷೆ: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವಂಥ ಫೈಲುಗಳು. ಬೇಸ್‌ನಲ್ಲಿ ಬೋಟೋ3 ಪ್ಯಾಕೇಜು, ಪೈಥಾನ್ 3.9ಕ್ಕೂ ನಡೆಯುವ ಈಚಿನ ಒಂದು ವರ್ಷನ್‌ಗೆ ಬಿಗಿದು, ಇದೆ ಎನ್ನಿ. ಡೆವ್‌ನಲ್ಲಿ ಯಾರೋ ಯುಆರ್‌ಎಲ್‌ಲಿಬ್3 ಪ್ಯಾಕೇಜನ್ನು 2.2.1ಕ್ಕೆ ಬಿಗಿದಿದ್ದಾರೆ. ಬೋಟೋ3 ಎಳೆದು ತರುವ ಬೋಟೋಕೋರ್, ಪೈಥಾನ್ 3.9 ಇದ್ದಲ್ಲಿ ಯುಆರ್‌ಎಲ್‌ಲಿಬ್3 1.27ಕ್ಕಿಂತ ಕೆಳಗೇ ಇರಬೇಕು ಎನ್ನುತ್ತದೆ, 3.10 ಮತ್ತು ಅದರ ಮೇಲೆ 2ರ ಸರಣಿಗೂ ಒಪ್ಪುತ್ತದೆ. ಹಳೆಯ ಪದ್ಧತಿಯಲ್ಲಿ ಈ ಜಗಳ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಎಲ್ಲರ ಲ್ಯಾಪ್‌ಟಾಪಿನಲ್ಲೂ 3.11 ಇರುತ್ತದೆ, ಪಿಪ್ ತಾನು ಓಡುತ್ತಿರುವ ಪೈಥಾನಿಗೆ ಮಾತ್ರ ಲೆಕ್ಕ ಹಾಕುತ್ತದೆ.

ಯುವಿ ಹಾಗಲ್ಲ. ಪ್ರಾಜೆಕ್ಟಿನ ರಿಕ್ವೈರ್ಸ್-ಪೈಥಾನ್ ಸಾಲಿನಲ್ಲಿ 3.9 ಅಥವಾ ಮೇಲೆ ಎಂದಿದ್ದರೆ ಆ ಇಡೀ ವ್ಯಾಪ್ತಿಗೆ, ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳಿಗೂ ಒಟ್ಟಿಗೆ ಉತ್ತರ ಹುಡುಕುತ್ತದೆ. ಇಲ್ಲಿ ಸಿಗುವುದಿಲ್ಲ, ನಿಲ್ಲಿಸುತ್ತದೆ. ಯಾವ ಪೈಥಾನ್ ತುಂಡಿನಲ್ಲಿ ಸೋತಿತು, ಯಾವುದು ಯಾವುದನ್ನು ಬೇಡಿತು ಎಂಬ ಸರಪಳಿಯನ್ನು ವಾಕ್ಯಗಳಲ್ಲೇ ಬರೆಯುತ್ತದೆ, ಕೆಳಗೆ ರಿಕ್ವೈರ್ಸ್-ಪೈಥಾನ್ ಬಿಗಿ ಮಾಡಬಹುದಲ್ಲ ಎಂದು ಸೂಚನೆಯನ್ನೂ ಕೊಡುತ್ತದೆ. ಸಂದೇಶ ಉದ್ದ, ಮೊದಲ ನೋಟಕ್ಕೆ ಹೆದರಿಸುತ್ತದೆ; ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತ ಹೋದರೆ ಬೇಗ ಅರ್ಥವಾಗುತ್ತದೆ.

ಪರಿಹಾರ ಮೂರು. 3.9ರಲ್ಲಿ ಯಾರೂ ಓಡಿಸುತ್ತಿಲ್ಲವಾದರೆ ರಿಕ್ವೈರ್ಸ್-ಪೈಥಾನ್‌ನ್ನು 3.10ಕ್ಕೆ ಏರಿಸಿ, 3.9ರ ಅಧಿಕೃತ ಬೆಂಬಲ 2025ರ ಅಕ್ಟೋಬರಿಗೇ ಮುಗಿದಿದೆ, ಹೆಚ್ಚಿನ ತಂಡಗಳಿಗೆ ಇದೇ ಸರಿ. 3.9 ಬೇಕೇ ಬೇಕು ಎಂದರೆ ಡೆವ್‌ನ ಬಿಗಿ ಸಾಲನ್ನು ಸಡಿಲಿಸಿ. ಆಗ ಲಾಕ್ ಫೈಲಿನಲ್ಲಿ ಯುಆರ್‌ಎಲ್‌ಲಿಬ್3 ಎರಡು ಸಲ, 3.9ಕ್ಕೆ 1.26ರದ್ದು ಮತ್ತು ಉಳಿದವಕ್ಕೆ 2ರ ಸರಣಿಯದ್ದು, ಕಾಣಿಸುತ್ತದೆ. ಇದನ್ನು ನೋಡಿ ಲಾಕ್ ಫೈಲ್ ಕೆಟ್ಟಿದೆ ಎಂದು ಅಳಿಸುವವರಿದ್ದಾರೆ. ಕೆಟ್ಟಿಲ್ಲ, ಕೆಲಸ ಮಾಡುವ ರೀತಿಯೇ ಅದು. ಬಿಗಿ ಸಾಲು ಬೇಕೇ ಇದ್ದರೆ ಅದು ಪೈಥಾನ್ 3.10 ಮತ್ತು ಅದರ ಮೇಲೆ ಮಾತ್ರ ಎನ್ನುವ ಮಾರ್ಕರ್ ಹಚ್ಚಿ. ‘ಓವರ್‌ರೈಡ್-ಡಿಪೆಂಡೆನ್ಸೀಸ್’ ಎಂಬ ನಾಲ್ಕನೆಯ ದಾರಿಯೂ ಇದೆ, ಆದರೆ ಅದು ಪ್ಯಾಕೇಜು ತನಗೇನು ಬೇಕೆಂದು ಹೇಳಿಕೊಂಡಿದೆಯೋ ಅದನ್ನೇ ಅಳಿಸಿಹಾಕುತ್ತದೆ. ಲಾಕ್ ಹಸಿರಾಗುತ್ತದೆ, ತೊಂದರೆ ರನ್‌ಟೈಮಿಗೆ ಹೋಗುತ್ತದೆ. ಮೇಲಿನ ಪ್ಯಾಕೇಜಿನವರು ಸುಮ್ಮನೆ ಬಿಗಿಯಾದ ಮಿತಿ ಹಾಕಿದ್ದಾರೆ ಎಂದು ಖಚಿತವಾಗಿ ಗೊತ್ತಿದ್ದಾಗ ಮಾತ್ರ ಕೈಹಾಕಿ.

ವರ್ಷನ್‌ಗಳನ್ನು ಹೊಂದಿಸುವ ಯಾವ ರಿಸಾಲ್ವರ್ ಕೂಡ ಹಿಡಿಯಲಾರದ, ಯುವಿಯೂ ಹಿಡಿಯದ ಒಂದು ತೊಡಕು ಬೇರೆ ಇದೆ. ಪ್ರಾಡ್‌ನಲ್ಲಿ ಸೈಕಾಪ್‌ಜಿ2, ಡೆವ್‌ನಲ್ಲಿ ಸೈಕಾಪ್‌ಜಿ2-ಬೈನರಿ. ಒಂದರಲ್ಲಿ ಓಪನ್‌ಸಿವಿ-ಪೈಥಾನ್, ಇನ್ನೊಂದರಲ್ಲಿ ಅದರ ಹೆಡ್‌ಲೆಸ್ ರೂಪ. ಹೆಸರು ಬೇರೆಯಾದ್ದರಿಂದ ಲೆಕ್ಕದಲ್ಲಿ ಜಗಳವಿಲ್ಲ, ಎರಡೂ ಇನ್‌ಸ್ಟಾಲ್ ಆಗುತ್ತವೆ. ಆದರೆ ಇಬ್ಬರೂ ಒಂದೇ ಫೋಲ್ಡರಿಗೆ ಫೈಲುಗಳನ್ನು ಬರೆಯುತ್ತಾರೆ, ಒಬ್ಬರದನ್ನು ಇನ್ನೊಬ್ಬರು ತುಳಿಯುತ್ತಾರೆ. ಆಮೇಲೆ ಒಂದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಇನ್ನೊಂದರ ಫೈಲುಗಳೂ ಹೋಗುತ್ತವೆ. ರಿಕ್ವೈರ್‌ಮೆಂಟ್ಸ್ ಫೈಲುಗಳು ಬೇರೆ ಬೇರೆ ಇದ್ದಾಗ ಮುಚ್ಚಿಹೋಗಿದ್ದ ಸಮಸ್ಯೆ, ಒಗ್ಗೂಡಿಸಿದ ದಿನವೇ ಹೊರಬರುತ್ತದೆ. ಇಂಥ ಜೋಡಿಗಳನ್ನು ಕಣ್ಣಿನಲ್ಲೇ ಹುಡುಕಿ, ಒಂದನ್ನು ಆರಿಸಿಕೊಳ್ಳಬೇಕು.

ಎರಡು ಗ್ರೂಪುಗಳು ನಿಜಕ್ಕೂ ಒಟ್ಟಿಗೆ ಬದುಕಲಾರವು ಎಂದಾದರೆ, ಉದಾಹರಣೆಗೆ ಜ್ಯಾಂಗೋದ ಎರಡು ಮುಖ್ಯ ಆವೃತ್ತಿಗಳ ಮೇಲೆ ಟೆಸ್ಟ್ ನಡೆಸಬೇಕಾದಾಗ, ಅದನ್ನು ಪೈಪ್ರಾಜೆಕ್ಟ್‌ನ ‘ಕಾನ್‌ಫ್ಲಿಕ್ಟ್ಸ್’ ಪಟ್ಟಿಯಲ್ಲಿ ಬರೆಯಬೇಕು. ಬರೆಯದಿದ್ದರೆ ಯುವಿ ಎಲ್ಲ ಗ್ರೂಪುಗಳನ್ನೂ ಒಟ್ಟಿಗೇ ಹೊಂದಿಸಲು ಹೋಗಿ ಸೋಲುತ್ತದೆ. ನೀವು ಡಾಕ್ಸ್ ಗ್ರೂಪನ್ನು ಇನ್‌ಸ್ಟಾಲ್ ಮಾಡದಿದ್ದರೂ ಅದರೊಳಗಿನ ಜಗಳ ಲಾಕ್ ಮಾಡುವಾಗ ನಿಮ್ಮ ಕಾಲು ಹಿಡಿದೆಳೆಯುತ್ತದೆ. ಕಿರಿಕಿರಿಯೇ, ಆದರೆ ಒಂದೇ ಲಾಕ್ ಫೈಲ್ ಬೇಕೆಂದವರು ಒಪ್ಪಿಕೊಳ್ಳಬೇಕಾದ ಕಿರಿಕಿರಿ.

ಖಾಸಗಿ ಇಂಡೆಕ್ಸ್, ಅಂದರೆ ಪ್ಯಾಕೇಜುಗಳ ಸ್ವಂತ ಭಂಡಾರ, ಇರುವವರಿಗೆ ಒಂದು ಮಾತು. ಒಂದಕ್ಕಿಂತ ಹೆಚ್ಚು ಇಂಡೆಕ್ಸ್ ಇದ್ದಾಗ ಪಿಪ್ ಎಲ್ಲವನ್ನೂ ಜಾಲಾಡಿ ಅತಿ ಮೇಲಿನ ವರ್ಷನ್ ತೆಗೆದುಕೊಳ್ಳುತ್ತದೆ. ಯುವಿ, ಪ್ಯಾಕೇಜಿನ ಹೆಸರು ಸಿಕ್ಕ ಮೊದಲ ಇಂಡೆಕ್ಸಿನಲ್ಲೇ ನಿಲ್ಲುತ್ತದೆ. ನಿಮ್ಮ ಒಳಗಿನ ಪ್ಯಾಕೇಜಿನ ಹೆಸರಿನಲ್ಲಿ ಹೊರಗಿನವರು ಏನನ್ನೋ ತೂರಿಸುವ ದಾಳಿಗೆ ಇದು ತಡೆ. ಆದರೆ ಖಾಸಗಿ ಇಂಡೆಕ್ಸಿನಲ್ಲಿ ಹಳೆಯ ಪ್ರತಿ ಕೂತಿದ್ದರೆ ‘ವರ್ಷನ್ ಸಿಗಲಿಲ್ಲ’ ಎಂಬ ದೂರು ಬರುತ್ತದೆ. ಇಂಡೆಕ್ಸುಗಳನ್ನು ಪೈಪ್ರಾಜೆಕ್ಟ್‌ನಲ್ಲೇ ಹೆಸರು ಕೊಟ್ಟು ಬರೆದು, ಯಾವ ಪ್ಯಾಕೇಜು ಎಲ್ಲಿಂದ ಎಂದು ಕಟ್ಟಿಬಿಡುವುದು ಒಳ್ಳೆಯದು. ‘ಅನ್‌ಸೇಫ್-ಬೆಸ್ಟ್-ಮ್ಯಾಚ್’ ಹಾಕಿ ಪಿಪ್‌ನಂತೆ ಮಾಡಿಕೊಳ್ಳಲೂ ಬರುತ್ತದೆ; ಹೆಸರಲ್ಲೇ ಅನ್‌ಸೇಫ್ ಇದೆ.

ದಿನನಿತ್ಯದ ಬಳಕೆಯಲ್ಲಿ: ‘ಯುವಿ ಸಿಂಕ್’ ಲಾಕ್‌ನಲ್ಲಿ ಇಲ್ಲದ ಪ್ಯಾಕೇಜುಗಳನ್ನು ಎನ್ವಿರಾನ್‌ಮೆಂಟಿನಿಂದ ಕಿತ್ತು ಹಾಕುತ್ತದೆ, ಪಿಪ್‌ಗೆ ಒಗ್ಗಿದವರು ಮೊದಲ ದಿನ ಬೆಚ್ಚುತ್ತಾರೆ. ಡೆವ್ ಗ್ರೂಪ್ ತಾನಾಗಿಯೇ ಇನ್‌ಸ್ಟಾಲ್ ಆಗುತ್ತದೆ, ಆದ್ದರಿಂದ ಪ್ರೊಡಕ್ಷನ್ ಇಮೇಜಿನಲ್ಲಿ --ನೋ-ಡೆವ್ ಮರೆಯಬಾರದು. ಬಿಲ್ಡ್ ಮತ್ತು ಟೆಸ್ಟ್ ತಾನಾಗಿಯೇ ಓಡುವ ಸಿಐನಲ್ಲಿ --ಲಾಕ್ಡ್ ಬಳಸಿ. ಪೈಪ್ರಾಜೆಕ್ಟ್ ಬದಲಾಗಿ ಲಾಕ್ ಹಳಸಿದ್ದರೆ ಅದು ಬಿಲ್ಡನ್ನು ಬೀಳಿಸುತ್ತದೆ. --ಫ್ರೋಜನ್ ಆ ತಪಾಸಣೆಯನ್ನೇ ಬಿಟ್ಟುಬಿಡುತ್ತದೆ. ಎರಡು ಬ್ರಾಂಚುಗಳ ಲಾಕ್ ಫೈಲುಗಳು ಗಿಟ್‌ನಲ್ಲಿ ಡಿಕ್ಕಿಯಾದರೆ ಕೈಯಲ್ಲಿ ಬಿಡಿಸಲು ಕೂರಬೇಡಿ. ಪೈಪ್ರಾಜೆಕ್ಟ್‌ನ ಡಿಕ್ಕಿ ಮೊದಲು ಬಿಡಿಸಿ, ಮೇನ್ ಬ್ರಾಂಚಿನ ಲಾಕ್ ಫೈಲನ್ನು ಇಡಿಯಾಗಿ ತೆಗೆದುಕೊಂಡು ‘ಯುವಿ ಲಾಕ್’ ಓಡಿಸಿ. ಇರುವ ವರ್ಷನ್‌ಗಳನ್ನು ಅದು ಸಾಧ್ಯವಾದಷ್ಟು ಹಾಗೇ ಉಳಿಸಿಕೊಂಡು ಹೊಸದನ್ನಷ್ಟೇ ಸೇರಿಸುತ್ತದೆ.

ಯಾರಿಗೆ ಬೇಡ? ಪೈಥಾನಿನ ಸಾರ್ವಜನಿಕ ಪ್ಯಾಕೇಜ್ ಭಂಡಾರವಾದ ಪೈಪಿಐಗೆ ಲೈಬ್ರರಿ ಹಾಕುವವರು, ಬಳಕೆದಾರರಿಗೆ ಬೇಕಾದ ಐಚ್ಛಿಕ ಪ್ಯಾಕೇಜುಗಳನ್ನು ಗ್ರೂಪಿಗೆ ಹಾಕಿದರೆ ಅವು ಪ್ರಕಟಿತ ಪ್ಯಾಕೇಜಿನಲ್ಲಿ ಇರುವುದೇ ಇಲ್ಲ; ಅಂಥವು ಆಪ್ಶನಲ್-ಡಿಪೆಂಡೆನ್ಸೀಸ್‌ಗೇ ಸೇರಬೇಕು. ಒಂದೇ ರೆಪೊದಲ್ಲಿ ಹಲವು ಸರ್ವಿಸ್‌ಗಳಿದ್ದು, ಒಂದೊಂದಕ್ಕೂ ಹೊಂದದ ವರ್ಷನ್‌ಗಳು ಬೇಕೆಂದರೆ ಹಲವು ಪ್ರಾಜೆಕ್ಟುಗಳನ್ನು ಒಟ್ಟಿಗೆ ಕಟ್ಟುವ ವರ್ಕ್‌ಸ್ಪೇಸ್‌ಗೆ ಹೋಗಬೇಡಿ. ಅಲ್ಲಿ ಎಲ್ಲರಿಗೂ ಲಾಕ್ ಒಂದೇ, ಪೈಥಾನ್ ವ್ಯಾಪ್ತಿಯೂ ಎಲ್ಲ ಸದಸ್ಯರಿಗೆ ಸಾಮಾನ್ಯವಾದ ಭಾಗಕ್ಕೆ ಕುಗ್ಗುತ್ತದೆ. ಸರ್ವಿಸ್‌ಗೆ ಒಂದರಂತೆ ಪ್ರಾಜೆಕ್ಟ್ ಇರಲಿ. ಒಂದೇ ಪೈಥಾನ್, ಒಂದೇ ಲಿನಕ್ಸ್ ಸರ್ವರ್, ಎರಡೇ ಫೈಲು ಎನ್ನುವ ಸಣ್ಣ ಪ್ರಾಜೆಕ್ಟಿಗೆ ಪಿಪ್-ಟೂಲ್ಸ್ ಈಗಲೂ ಸಾಕು. ಪಿಪ್-ಕಂಪೈಲ್‌ಗೆ ಹಲವು ಇನ್ ಫೈಲುಗಳನ್ನು ಒಟ್ಟಿಗೆ ಕೊಟ್ಟರೆ ಒಂದೇ ಟಿಎಕ್ಸ್‌ಟಿ ಬರುತ್ತದೆ.

ಯುವಿಯ ಲಾಕ್ ಫೈಲನ್ನು ಪಿಪ್ ಓದುವುದಿಲ್ಲ ಎಂಬುದು ಉಳಿದ ದೂರು. ಸರ್ವರಿನಲ್ಲಿ ಪಿಪ್ ಮಾತ್ರ ಇದ್ದರೆ ಎಕ್ಸ್‌ಪೋರ್ಟ್ ಮಾಡಿಯೇ ಕೊಡಬೇಕು. ಆಗ --ನೋ-ಎಮಿಟ್-ಪ್ರಾಜೆಕ್ಟ್ ಸೇರಿಸಿ. ಇಲ್ಲದಿದ್ದರೆ, ಬಿಲ್ಡ್ ಆಗುವ ಪ್ಯಾಕೇಜಾದರೆ ನಿಮ್ಮದೇ ಪ್ರಾಜೆಕ್ಟ್ ಎಡಿಟಬಲ್ ಸಾಲಾಗಿ ಒಳಗೆ ಬರುತ್ತದೆ, ಹ್ಯಾಶ್ (ಪ್ಯಾಕೇಜು ಅದೇ ಹೌದೇ ಎಂದು ತಾಳೆ ನೋಡುವ ಗುರುತು) ಇರುವ ಫೈಲಿನಲ್ಲಿ ಆ ಒಂದು ಸಾಲಿಗಾಗಿ ಪಿಪ್ ಇಡೀ ಇನ್‌ಸ್ಟಾಲನ್ನೇ ನಿಲ್ಲಿಸುತ್ತದೆ.