ಪಿಕಪ್‌ನ ಫೋರ್ ವೀಲ್ ಸದ್ದು: ಶಾಫ್ಟ್ ರಿಪೇರಿಯೋ, ಶಾಫ್ಟ್ ಬಿಚ್ಚಿಡೋದೋ, ಲಾಕಿಂಗ್ ಹಬ್ಬೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕೈಯಲ್ಲಿ ತಿರುಗಿಸುವ ಲಾಕಿಂಗ್ ಹಬ್‌ಗೆ, ಅಂದರೆ ಮುಂದಿನ ಚಕ್ರವನ್ನು ಬೇಕಾದಾಗ ಆಕ್ಸಲ್‌ಗೆ ಜೋಡಿಸುವ, ಬೇಡವಾದಾಗ ಬಿಡಿಸುವ ಸಾಧನಕ್ಕೆ. ಉಳಿದ ಎರಡು ದಾರಿಗಳನ್ನೂ ನೋಡಿ ಮುಗಿಸಿದ ಮೇಲೆ ಹೇಳುತ್ತಿರುವ ಮಾತಿದು.

ನನ್ನದು ಹಳೇ ಡೀಸೆಲ್ ಪಿಕಪ್. ಸಕಲೇಶಪುರದ ಕಡೆ ತೋಟ. ಮಳೆಗಾಲದಲ್ಲಿ ಫೋರ್ ವೀಲ್ ಇಲ್ಲದಿದ್ದರೆ ತೋಟದ ಏರು ಹತ್ತೋದೇ ಇಲ್ಲ. ಉಳಿದ ಓಡಾಟವೆಲ್ಲ ಹಾಸನದ ಹೈವೇಯಲ್ಲಿ. ತಲೆನೋವು ಶುರುವಾದದ್ದೂ ಅಲ್ಲೇ. 60 ದಾಟಿದರೆ ಸಾಕು, ಗುಂಯ್ ಅನ್ನುವ ಸದ್ದು. ಕಾಲಡಿಯ ತಗಡು ಓಡುತ್ತಿರುವ ಮಿಕ್ಸಿಯ ಹಾಗೆ ನಡುಗುತ್ತಿತ್ತು. ಅದೂ ಲಿವರ್ ಟೂ ವೀಲ್‌ನಲ್ಲಿ ಇದ್ದಾಗ!

ಇದಕ್ಕೆ ಕಾರಣ ಇದೆ. ಲಿವರ್ ಟೂ ವೀಲ್‌ಗೆ ಹಾಕಿದರೆ ಎಂಜಿನ್ನಿನ ಶಕ್ತಿ ಮುಂದಕ್ಕೆ ಹೋಗೋದು ನಿಲ್ಲುತ್ತದೆ, ಅಷ್ಟೆ. ಆದರೆ ಹಬ್ ಇಲ್ಲದ ಗಾಡಿಯಲ್ಲಿ ಮುಂದಿನ ಚಕ್ರಗಳು ಆಕ್ಸಲ್, ಅದರ ನಡುವಿನ ಗೇರು ಪೆಟ್ಟಿಗೆಯಾದ ಡಿಫರೆನ್ಷಿಯಲ್, ಅದಕ್ಕೆ ಶಕ್ತಿ ತರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಸುಮ್ನೆ ತಿರುಗಿಸುತ್ತಲೇ ಇರುತ್ತವೆ. 72 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ಸುತ್ತಿದರೆ, ಶಾಫ್ಟ್ ಅದರ ನಾಲ್ಕು ಪಟ್ಟು ಸುತ್ತುತ್ತದೆ. ಅದಕ್ಕೇ ಟೈರಿನ ದೋಷ ಸ್ಟೀರಿಂಗನ್ನು ನಿಧಾನವಾಗಿ ಅಲುಗಿಸುತ್ತದೆ, ಶಾಫ್ಟಿನ ದೋಷ ಸಣ್ಣಗೆ ಜುಂ ಅನ್ನಿಸುತ್ತದೆ. ಗೇರ್ ಬದಲಿಸಿದರೂ ಅದೇ ವೇಗದಲ್ಲಿ ಅದೇ ಸದ್ದು ಬಂದರೆ ಎಂಜಿನ್ನನ್ನು ಬೈಯಬೇಡಿ.

ಒಣ ಡಾಂಬರಿನಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆದರೆ ಗಾಡಿ ಜಗ್ಗುತ್ತದೆ, ಟೈರು ಕಿರುಗುಟ್ಟುತ್ತದೆ. ಅದು ದೋಷ ಅಲ್ಲ, ಇಂಥ ಗಾಡಿಗಳ ಗುಣವೇ ಅದು. ಡಾಂಬರಿನಲ್ಲಿ ಹಾಕಲೇಬಾರದು.

ಈಗ ಶಾಫ್ಟ್ ರಿಪೇರಿಯ ಕಥೆ. ಎರಡೂ ತುದಿಯ ಕ್ರಾಸ್ (ಶಾಫ್ಟ್ ಓರೆಯಲ್ಲೂ ತಿರುಗಲು ಬಿಡುವ ಜಾಯಿಂಟಿನ ನಡುವಿನ ಕೂಡು ಗುರುತಿನಂಥ ತುಂಡು) ಸವೆದಿತ್ತು. ಕೈಯಲ್ಲಿ ಹಿಡಿದು ಅಲುಗಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಹೊಸ ಕ್ರಾಸ್ ಹಾಕಿಸಿದೆ. ಖರ್ಚು ಕಡಿಮೆ, ಕೆಲಸ ಅರ್ಧ ದಿನದ್ದು. ಗಾಡಿ ತೆಗೆದುಕೊಂಡು ಹೊರಟರೆ ನಡುಕ ಮೊದಲಿಗಿಂತ ಜಾಸ್ತಿ! ವಾಪಸ್ ಹೋಗಿ ಕೇಳಿದರೆ, 'ಹೊಸ ಕ್ರಾಸ್ ಅಲ್ವಾ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ' ಅಂದರು. ಕ್ರಾಸ್ ಏನು ಚಪ್ಪಲಿಯೇ, ಓಡಾಡಿದ ಹಾಗೆ ಸಡಿಲವಾಗಲು?

ಆಗಿದ್ದು ಇಷ್ಟು. ಈ ಶಾಫ್ಟ್ ಒಂದೇ ತುಂಡಲ್ಲ. ಎರಡು ತುಂಡು ಹಲ್ಲುಗಳ ಮೇಲೆ ಒಂದರೊಳಗೊಂದು ಜಾರುತ್ತವೆ. ಗುಂಡಿ ಬಿದ್ದಾಗ ಆಕ್ಸಲ್ ಮೇಲೆ ಕೆಳಗೆ ಆಡಬೇಕಲ್ಲ, ಅದಕ್ಕೆ. ಕ್ರಾಸ್ ಜಾಯಿಂಟ್ ಓರೆಯಲ್ಲಿ ತಿರುಗುವಾಗ ಅದರ ವೇಗ ಒಂದೇ ಸಮ ಇರೋದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ತುದಿಯ ಈ ಏರಿಳಿತವನ್ನು ಇನ್ನೊಂದು ತುದಿಯ ಜಾಯಿಂಟ್ ಸರಿದೂಗಿಸಬೇಕು. ಅದಾಗಬೇಕಾದರೆ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿದಿಡುವ ಕವೆಗಳು) ಮೊದಲು ಇದ್ದ ಹೊಂದಿಕೆಯಲ್ಲೇ ಕೂರಬೇಕು. ಬಿಚ್ಚಿದವರು ಗುರುತು ಹಾಕಿರಲಿಲ್ಲ. ಸಿಕ್ಕ ಹಲ್ಲಿಗೆ ತೂರಿಸಿದ್ದರು.

ಹೆಚ್ಚಿನ ಗಾಡಿಗಳಲ್ಲಿ ಎರಡೂ ಯೋಕ್ ಒಂದೇ ನೇರಕ್ಕೆ ಇರುತ್ತವೆ. ಕೆಲವು ಗಾಡಿಗಳಲ್ಲಿ ಬೇಕೆಂದೇ ಕೊಂಚ ಓರೆ ಇಟ್ಟಿರುತ್ತಾರೆ. ಹಾಗಾಗಿ ಕಣ್ಣಳತೆ ನಂಬುವ ಹಾಗಿಲ್ಲ. ಬಿಚ್ಚುವ ಮೊದಲು ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದುಕೊಂಡರೆ ಮುಗಿಯಿತು. ಗ್ಯಾರೇಜಿಗೆ ಬಿಡುವ ಮುಂಚೆ ನೀವೇ ಎಳೆಯಿರಿ.

ಇಷ್ಟಕ್ಕೇ ಮುಗಿಯಲಿಲ್ಲ. ಶಾಫ್ಟಿನ ಕೊಳವೆಗೆ ಬೆಸುಗೆ ಹಾಕಿದ ಸಣ್ಣ ಕಬ್ಬಿಣದ ತುಂಡುಗಳು ಇರುತ್ತವೆ, ಬ್ಯಾಲೆನ್ಸಿಗೆ. ನನ್ನದರಲ್ಲಿ ಒಂದು ಯಾವಾಗಲೋ ಉದುರಿ ಹೋಗಿತ್ತು. ಬ್ಯಾಲೆನ್ಸಿಂಗ್ ಮಷೀನ್ ಇರುವ ಅಂಗಡಿ ಹುಡುಕಿ, ಅಲ್ಲಿ ಇನ್ನೊಂದು ಬಿಲ್ಲು. ಆಮೇಲೆ ನಡುಕ ನಿಂತಿತು. ಡಿಫರೆನ್ಷಿಯಲ್ಲಿನ ಗುಂಯ್ ಮಾತ್ರ ಉಳಿಯಿತು. ಹಳೇ ಗೇರು, ಹಳೇ ಬೇರಿಂಗು. ಅದನ್ನೂ ಬಿಚ್ಚಿಸಿದ್ದರೆ ಖರ್ಚಿಗೆ ಕೊನೆ ಇರುತ್ತಿರಲಿಲ್ಲ.

ಮುಂದಿನ ಶಾಫ್ಟನ್ನೇ ಬಿಚ್ಚಿಡೋದು ಎರಡನೇ ದಾರಿ. ಖರ್ಚು ಸೊನ್ನೆ. ರಿಪೇರಿಗೆ ದುಡ್ಡು ಸುರಿಯುವ ಮೊದಲು ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬಿಚ್ಚಿದ ಮೇಲೂ ನಡುಕ ಇದ್ದರೆ ಹಿಂದಿನ ಶಾಫ್ಟ್, ಅದರ ನಡುವಿನ ಬೇರಿಂಗ್ ನೋಡಿ. ಆದರೆ ಇದೇ ಕಾಯಂ ವ್ಯವಸ್ಥೆ ಅಂದರೆ ಕಷ್ಟ. ಬೇಸಿಗೆ ಅಂತ ಬಿಚ್ಚಿಟ್ಟಿರುತ್ತೀರಿ, ಮಾರ್ಚಿನಲ್ಲಿ ಹೂಮಳೆ ಸುರಿಯುತ್ತದೆ. ಕಾಫಿಗೆ ಸಂತೋಷ. ಗಾಡಿ ಏರಿನಲ್ಲಿ ಜಾರುತ್ತಾ ನಿಂತಿರುತ್ತದೆ, ಶಾಫ್ಟ್ ಶೆಡ್ಡಿನಲ್ಲಿ ಮಲಗಿರುತ್ತದೆ. ಇನ್ನೊಂದು, ಕೆಲವು ಗಾಡಿಗಳಲ್ಲಿ ಶಾಫ್ಟ್ ಎಳೆದರೆ ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಗೇರು ಪೆಟ್ಟಿಗೆ) ಎಣ್ಣೆ ಸೋರುತ್ತದೆ. ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಹಬ್. ಇದೇನು ಹೊಸದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸೈನ್ಯದ ಹಳೇ ಜೀಪು ಕೊಂಡವರಿಗೂ ಇದೇ ಗೋಳು. 1948ರಲ್ಲಿ ಶುರುವಾದ ವಾರ್ನ್ ಕಂಪನಿ ಹೆಸರು ಮಾಡಿದ್ದೇ ಆ ಜೀಪುಗಳಿಗೆ ಲಾಕಿಂಗ್ ಹಬ್ ಕೊಟ್ಟು. ಡಯಲ್ 'ಫ್ರೀ'ಗೆ ತಿರುಗಿಸಿದರೆ ಚಕ್ರ ಮಾತ್ರ ತಿರುಗುತ್ತದೆ. ಆಕ್ಸಲ್, ಡಿಫರೆನ್ಷಿಯಲ್, ಶಾಫ್ಟ್ ಎಲ್ಲಾ ನಿಂತಿರುತ್ತವೆ. ತಿರುಗದ ಗೇರು ಸದ್ದು ಮಾಡುವುದಾದರೂ ಹೇಗೆ? ಹಾಕಿಸಿದ ದಿನವೇ ಹೈವೇಯಲ್ಲಿ ರೇಡಿಯೊ ವಾಲ್ಯೂಮ್ ಇಳಿಸಿದೆ. ಸ್ಟೀರಿಂಗೂ ಕೊಂಚ ಹಗುರ ಅನ್ನಿಸಿತು. ಮೈಲೇಜ್ ಹೆಚ್ಚುತ್ತೆ ಅನ್ನೋ ಮಾತನ್ನು ನಂಬಿ ಕೊಳ್ಳಬೇಡಿ. ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಮಳೆಯಲ್ಲಿ ಇಳಿದು, ಕೆಸರಿನಲ್ಲಿ ಕೂತು, ಎರಡೂ ಕಡೆ ಡಯಲ್ ತಿರುಗಿಸಬೇಕು. ಇಂಬಳ ಕಾಯ್ತಾ ಇರುತ್ತವೆ. ನಾನು ಜೂನ್ ಬಂದರೆ ಲಾಕ್ ಮಾಡಿಬಿಡುತ್ತೇನೆ, ಮಳೆ ಬಿಡುವವರೆಗೆ ಹಾಗೇ ಇರಲಿ ಅಂತ. ಲಾಕ್ ಆಗಿದ್ದರೂ ಟೂ ವೀಲ್‌ನಲ್ಲಿ ಓಡಿಸಬಹುದು, ಹಳೇ ಸದ್ದು ಬರುತ್ತದೆ ಅಷ್ಟೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಲಾಕ್ ಮಾಡಿ ಸ್ವಲ್ಪ ದೂರ ಓಡಿಸಬೇಕು, ಒಳಗಿನ ಎಣ್ಣೆ ಎಲ್ಲಾ ಕಡೆ ಹೋಗಲಿಕ್ಕೆ. ಗ್ರೀಸ್ ತೆಳ್ಳಗೆ ಸಾಕು. ತುಂಬಿದರೆ ಡಯಲ್ ಬಿಗಿಯುತ್ತದೆ.

ವ್ಯಾಕ್ಯೂಮ್‌ನಿಂದ ತಾನಾಗೇ ಲಾಕ್ ಆಗುವ ಹಬ್? ರಬ್ಬರ್ ಪೈಪು ಇಲಿ ಕಡಿಯುವ ಊರಿನಲ್ಲಿ ಬೇಡ.

ದುಡ್ಡಿನ ಮಾತು. ನನಗೆ ಹಬ್‌ಗೆ ಆದ ಖರ್ಚು ಶಾಫ್ಟ್ ರಿಪೇರಿ, ಬ್ಯಾಲೆನ್ಸಿಂಗ್ ಎರಡೂ ಸೇರಿದ್ದಕ್ಕಿಂತ ಜಾಸ್ತಿ. ಹೈವೇ ಓಡಾಟ ಕಡಿಮೆ, ತೋಟದೊಳಗೇ ಗಾಡಿ ಅನ್ನುವವರಿಗೆ ಅದು ದಂಡ. ಅವರು ಕ್ರಾಸ್ ಬದಲಿಸಿ, ಗೆರೆ ನೋಡಿ ಜೋಡಿಸಿಕೊಂಡರೆ ಸಾಕು. ನನ್ನ ಹಾಗೆ ವಾರಕ್ಕೆ ಎರಡು ಮೂರು ಸಲ ಹಾಸನಕ್ಕೆ ಓಡುವವರು ಹಬ್ ಹಾಕಿಸಿ. ಆದರೆ ಸವೆದ ಕ್ರಾಸ್ ಹಾಗೇ ಬಿಟ್ಟು ಹಬ್ ಹಾಕಿಸಬೇಡಿ. ಸದ್ದು ಅಡಗುತ್ತದೆ, ಸವೆತ ಹಾಗೇ ಇರುತ್ತದೆ. ಕೆಸರಿನ ಏರಿನಲ್ಲಿ ಲೋಡ್ ಬಿದ್ದಾಗಲೇ ಅದು ಮುರಿಯೋದು.